ಕೂಸಿನ ಹಾಲು, ಕೂಸಿನ ನಿದ್ದೆ: ರಾಯಚೂರಿನ ಬಿಸಿಲಲ್ಲಿ ಮೊದಲ ಆರು ತಿಂಗಳ ದಿನಚರಿ

ಕೂಸು ಹುಟ್ಟಿದ ಮನೆಯಲ್ಲಿ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ. ಹಾಲು ಸಾಲುತ್ತಿದೆಯಾ? ರಾತ್ರಿ ಮಲಗುತ್ತದಾ? ಹೊಟ್ಟೆ ತುಂಬದ ಕೂಸು ಮಲಗುವುದಿಲ್ಲ. ನಿದ್ದೆಗೆಟ್ಟ ಕೂಸು ಸರಿಯಾಗಿ ಹಾಲು ಕುಡಿಯುವುದಿಲ್ಲ. ಅದಕ್ಕೇ ಎರಡನ್ನೂ ಸೇರಿಸಿ ಬರೆದಿದ್ದೇನೆ.

ಮೊಬೈಲಿನಲ್ಲಿ ಸಿಗುವ ಬಹಳಷ್ಟು ಸಲಹೆಗಳು ಚಳಿ ದೇಶದ, ಕೂಸಿಗೇ ಬೇರೆ ಕೋಣೆ ಇರುವ ಮನೆಗಳನ್ನು ನೆನೆದು ಬರೆದವು. ನಮ್ಮಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕರೆಂಟು ಹೋಗುತ್ತದೆ. ಬಾಣಂತಿ ತವರಿನಲ್ಲಿ ಇರುತ್ತಾಳೆ, ಮೂರಕ್ಕೋ ಐದಕ್ಕೋ ತಿಂಗಳು ನೋಡಿ ಗಂಡನ ಮನೆಗೆ ಹೊರಡುತ್ತಾಳೆ. ಇದೆಲ್ಲದರ ನಡುವೆ ನಡೆಯುವ ದಿನಚರಿ ನಮಗೆ ಬೇಕು.

ತಿಂಗಳು ತುಂಬಿ ಹುಟ್ಟಿದ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಜಾಸ್ತಿ ತೂಕದ, ಆರೋಗ್ಯವಾಗಿರುವ ಕೂಸಿಗೆ ಇಲ್ಲಿನ ಮಾತು ಹೊಂದುತ್ತದೆ. ಅವಧಿಗೆ ಮುಂಚೆ ಹುಟ್ಟಿದ್ದರೆ, ತೂಕ ಕಡಿಮೆ ಇದ್ದರೆ, ಎಷ್ಟು ಹೊತ್ತಿಗೊಮ್ಮೆ ಎಷ್ಟು ಹಾಲು ಅನ್ನುವುದನ್ನು ಮಕ್ಕಳ ಡಾಕ್ಟರೇ ಹೇಳಬೇಕು.

ಮೊದಲ ಆರು ವಾರ: ಗಡಿಯಾರ ನೋಡಬೇಡಿ, ಕೂಸನ್ನು ನೋಡಿ

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಕೊಳ್ಳಬೇಕು. ಮೊದಲು ಬರುವ ಹಳದಿ, ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು ಚೆಲ್ಲಬೇಡಿ. ರೋಗ ತಡೆಯುವ ಶಕ್ತಿ ಜಾಸ್ತಿ ಇರುವುದು ಅದರಲ್ಲೇ. ಮೊದಲ ದಿನ ಕೂಸಿನ ಹೊಟ್ಟೆಗೆ ಒಂದೊಂದು ಸಲಕ್ಕೆ ಬೇಕಾಗುವುದು ಒಂದು ಚಮಚದಷ್ಟು ಹಾಲು. ‘ಹಾಲೇ ಬಂದಿಲ್ಲ’ ಅಂತ ಹೆದರುವ ಆ ಎರಡು ಮೂರು ದಿನಕ್ಕೆ ಅಷ್ಟು ಹಾಲು ಸಾಕು.

ಆಮೇಲೆ ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ಅಂದರೆ ಸುಮಾರು ಎರಡು ಮೂರು ಗಂಟೆಗೊಮ್ಮೆ. ಒಂದೊಂದು ಸಲ ಗಂಟೆಗೇ ಮತ್ತೆ ಕೇಳುತ್ತದೆ, ಕೊಡಿ. ಅಳುವವರೆಗೆ ಕಾಯಬೇಡಿ. ಬಾಯಿ ಚಪ್ಪರಿಸುವುದು, ತಲೆ ಆಚೀಚೆ ತಿರುಗಿಸಿ ಹುಡುಕುವುದು, ಮುಷ್ಟಿ ಬಾಯಿಗೆ ಒಯ್ಯುವುದು, ಇವು ಹಸಿವಿನ ಮೊದಲ ಸುಳಿವು. ಅಳು ಕೊನೆಯದು. ಅತ್ತು ಅತ್ತು ಸಿಟ್ಟಿಗೆದ್ದ ಕೂಸಿಗೆ ಮೊಲೆ ಹಿಡಿಸುವುದೇ ಕಷ್ಟ.

ಹಿಡಿಸುವ ರೀತಿ ಸರಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ಬಾಯಿ ದೊಡ್ಡದಾಗಿ ತೆರೆದಿರಬೇಕು. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ತಾಗಿರಬೇಕು. ಸ್ವಲ್ಪ ಹೊತ್ತಾದ ಮೇಲೆ ನುಂಗುವ ಸದ್ದು ಕೇಳುತ್ತದೆ. ಕುಡಿಸುವಾಗ ನೋವು ಉಳಿದೇ ಇದೆ, ತೊಟ್ಟು ಒಡೆಯುತ್ತಿದೆ ಅಂದರೆ ಹಿಡಿಸಿದ್ದು ತಪ್ಪಾಗಿದೆ. ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಿ. ಒಂದು ಕಡೆ ಕೂಸು ತಾನಾಗಿ ಬಿಡುವವರೆಗೆ ಕುಡಿಸಿ, ಆಮೇಲೆ ಇನ್ನೊಂದು ಕಡೆ ಕೊಡಿ. ಮುಂದಿನ ಸಲ ಆ ಕಡೆಯಿಂದ ಶುರು ಮಾಡಿ. ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸಿ.

ಹುಟ್ಟಿದಾಗಿನ ತೂಕ ಮರಳುವವರೆಗೆ ಕೂಸನ್ನು ಮೂರು ಗಂಟೆಗಿಂತ ಜಾಸ್ತಿ ಉಪವಾಸ ಮಲಗಲು ಬಿಡಬೇಡಿ. ಮಲಗಿದ ಕೂಸನ್ನು ಎಬ್ಬಿಸಬಾರದು ಅನ್ನುವ ಮಾತು ಈ ಎರಡು ವಾರಕ್ಕೆ ಹೊಂದುವುದಿಲ್ಲ. ಬಟ್ಟೆ ಸಡಿಲಿಸಿ, ಅಂಗಾಲು ಮೆಲ್ಲಗೆ ತಿಕ್ಕಿ ಎಬ್ಬಿಸಿ ಕುಡಿಸಿ.

ಹಾಲು ಸಾಲುತ್ತಿದೆ ಅಂತ ತಿಳಿಯುವುದು ಹೇಗೆ

‘ಕೂಸು ಅಳಾಕತ್ಯಾದ, ನಿನ್ನ ಹಾಲು ಸಾಲವಲ್ದು.’ ಬಾಣಂತಿಯ ಧೈರ್ಯ ಕುಗ್ಗಿಸಲು ಈ ಒಂದು ಮಾತು ಸಾಕು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತಿನ ಹಿಂದೆಯೇ ಡಬ್ಬಿ ಹಾಲು ಬರುತ್ತದೆ. ಡಬ್ಬಿ ಹಾಲು ಬಂದರೆ ಕೂಸು ಎದೆಹಾಲು ಚೀಪುವುದು ಕಡಿಮೆ ಆಗುತ್ತದೆ. ಚೀಪುವುದು ಕಡಿಮೆ ಆದರೆ ಹಾಲೂ ಕಡಿಮೆ ಆಗುತ್ತದೆ. ಎದೆಹಾಲು ಕುಡಿದಷ್ಟೂ ಬರುವಂಥದ್ದು.

ಅಳುವಿಗೆ ನೂರು ಕಾರಣ ಇರುತ್ತದೆ. ಹಾಗಾಗಿ ಅಳುವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಚ್ಚೆ ಮತ್ತು ತೂಕ ಹಿಡಿಯಿರಿ. ಐದನೇ ದಿನದಿಂದ ಆಚೆಗೆ ದಿನಕ್ಕೆ ಕನಿಷ್ಠ 6 ಸಲ ತಿಳಿಯಾದ ಉಚ್ಚೆ ಹೋಗುತ್ತಿದ್ದರೆ ಹಾಲು ಹೊಟ್ಟೆಗೆ ಸೇರುತ್ತಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದ ತೂಕ ಮರಳಬೇಕು. ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ನೋಡಬೇಕು. ಅವರು ಬಂದಾಗ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ವಾದ ಬಂದಾಗ ಆ ಕಾರ್ಡು ತೋರಿಸಿದರೆ ಆಯಿತು. ತೂಕ ಏರುತ್ತಿಲ್ಲ ಅಂತ ಕಾರ್ಡೇ ಹೇಳಿದರೆ ಸುಮ್ನೆ ಕೂರಬೇಡಿ, ಅದೇ ವಾರ ಡಾಕ್ಟರನ್ನು ಕಾಣಿ. ಡಬ್ಬಿ ಹಾಲು ನಿಜವಾಗಿ ಬೇಕಾಗುವ ತಾಯಂದಿರೂ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಡಾಕ್ಟರು ಹೇಳಿದ ಅಳತೆ, ಕುದಿಸಿದ ನೀರು, ಶುದ್ಧ ಪಾತ್ರೆ, ಇಷ್ಟು ನೋಡಿಕೊಳ್ಳಿ. ಉಳಿತಾಯಕ್ಕೆ ಅಂತ ಹಾಲು ತೆಳ್ಳಗೆ ಮಾಡಬೇಡಿ. ಆಕಳ ಹಾಲು, ಎಮ್ಮೆ ಹಾಲು ಕುಡಿಸುವುದು ಒಂದು ವರ್ಷ ಆದ ಮೇಲೆ.

ತಾಯಿಯ ಊಟದ ಬಗ್ಗೆ ಒಂದು ಮಾತು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಆಗುತ್ತದೆ ಅನ್ನುವುದು ಸುಳ್ಳು. ರಾಯಚೂರಿನ ಬೇಸಿಗೆಯಲ್ಲಿ ನೀರಿಲ್ಲದೆ ಹಾಲು ಕೊಡುವುದು ತಾಯಿಗೆ ಶಿಕ್ಷೆ. ಕುಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಳ್ಳಿ. ರೊಟ್ಟಿ, ಬೇಳೆ, ಸೊಪ್ಪು, ಮೊಟ್ಟೆ, ಶೇಂಗಾ, ಮಜ್ಜಿಗೆ ಎಲ್ಲ ತಿನ್ನಬಹುದು. ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಾಣಂತಿಗೂ ಅಂಗನವಾಡಿಯಲ್ಲಿ ಸಿಗುತ್ತದೆ. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ ನಡೆಯಬೇಕು.

ನೀರು, ಜೇನು, ಬಜೆ

‘ಬಿಸಿಲಾಗ ಕೂಸಿಗೆ ನೀರಡಿಕಿ ಆಗ್ಯಾದ, ಎರಡು ಚಮಚ ನೀರು ಹಾಕವ್ವ.’ ಏಪ್ರಿಲ್ ಬಂತೆಂದರೆ ಈ ಮಾತು ಕೇಳದ ಮನೆ ಇಲ್ಲ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಕೂಸಿಗೆ ನೀರಡಿಕೆ ಆದರೆ ಪದೇ ಪದೇ ಎದೆ ಕೇಳುತ್ತದೆ, ಸ್ವಲ್ಪ ಸ್ವಲ್ಪ ಕುಡಿದು ಬಿಡುತ್ತದೆ. ಹಾಗೇ ಕೊಡಿ. ಬೇಸಿಗೆಯಲ್ಲಿ ಹತ್ತು ಸಲದ ಜಾಗದಲ್ಲಿ ಹದಿಮೂರು ಸಲ ಆಗಬಹುದು. ನೀರು ಹಾಕಿದರೆ ಪುಟ್ಟ ಹೊಟ್ಟೆ ಬರೀ ನೀರಿನಿಂದ ತುಂಬುತ್ತದೆ, ಭೇದಿ ಹತ್ತುವ ಭಯ ಬೇರೆ. ಆರು ತಿಂಗಳು ತುಂಬುವವರೆಗೆ ಹಾಲು ಬಿಟ್ಟು ಬಾಯಿಗೆ ಹೋಗಬೇಕಾದ್ದು ಡಾಕ್ಟರು ಬರೆದುಕೊಟ್ಟ ಹನಿ ಮಾತ್ರ. ವಿಟಮಿನ್ ಡಿ ಹನಿ ಬೇಕಾ ಅಂತ ಮೊದಲ ಭೇಟಿಯಲ್ಲೇ ಕೇಳಿ.

ಜೇನು ಒಂದು ವರ್ಷದವರೆಗೆ ನಾಲಿಗೆಗೂ ಸವರಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಕೂಸಿನ ನರಗಳನ್ನು ಸೋಲಿಸುವ ವಿಷ ತಯಾರಿಸುತ್ತದೆ. ಬಜೆ ತೇಯ್ದು ಹಾಕುವುದು, ಸಕ್ಕರೆ ನೀರು, ಗ್ರೈಪ್ ವಾಟರ್, ಯಾವುದೂ ಬೇಡ. ಅಜ್ಜಿಗೆ ಬಜೆಯ ಮೇಲೆ ನಂಬಿಕೆ ಇದ್ದರೆ ಜಗಳ ಆಡಬೇಡಿ. ‘ಆರು ತಿಂಗಳು ಬಾಯಿಗೆ ಏನೂ ಬೇಡ ಅಂದಾರ ಡಾಕ್ಟರು, ಕೂಸನ್ನ ಆಡಿಸೋದು ನಿಮ್ಮ ಪಾಲಿಗೆ ಆಯಿ’ ಅಂತ ಹೇಳಿ ನೋಡಿ. ಅಜ್ಜಿಗೂ ಒಂದು ಕೆಲಸ ಬೇಕು.

ಹಗಲು ಯಾವುದು, ರಾತ್ರಿ ಯಾವುದು

ಹೊಸ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ತುಂಡು ತುಂಡಾಗಿ. ರಾತ್ರಿ ಆಯಿತು ಅಂತ ಮೈಗೆ ತಿಳಿಸುವ ರಸ ಕೂಸಿನಲ್ಲಿ ಎರಡು ಮೂರನೇ ತಿಂಗಳಿಗೆ ತಾನಾಗಿ ಸರಿಯಾಗಿ ಉತ್ಪತ್ತಿ ಆಗತೊಡಗುತ್ತದೆ. ಅಲ್ಲಿಯವರೆಗೆ ರಾತ್ರಿಯಿಡೀ ಮಲಗಲಿ ಅಂತ ಆಸೆ ಪಡುವುದು ಕೂಸಿಗೆ ಮಾಡುವ ಅನ್ಯಾಯ. ನಾವು ಸುಳಿವು ಕೊಡುತ್ತಾ ಹೋಗಬಹುದು, ಅಷ್ಟೇ.

ನಮ್ಮ ಬಾಣಂತಿ ಕೋಣೆ ಇಲ್ಲೇ ಅಡ್ಡ ಬರುತ್ತದೆ. ಕಿಟಕಿ ಮುಚ್ಚಿ, ಪರದೆ ಬಿಟ್ಟು, ಹಗಲನ್ನೂ ಕತ್ತಲು ಮಾಡಿ ಇಟ್ಟರೆ ಕೂಸಿಗೆ ಯಾವುದು ಹಗಲು ಅಂತ ಹೇಗೆ ಗೊತ್ತಾಗಬೇಕು? ಬೆಳಿಗ್ಗೆ ಆರೂವರೆಗೆ ಕಿಟಕಿ ತೆಗೆಯಿರಿ. ತಂಪು ಹೊತ್ತಿನಲ್ಲಿ ಹತ್ತು ನಿಮಿಷ ಪಡಸಾಲೆಯ ಬೆಳಕಿನಲ್ಲಿ ಕೂರಿ. ಹಗಲು ಮಲಗಿದಾಗ ಮನೆಯ ಸದ್ದು ಇರಲಿ. ಸಂಜೆ ಏಳೂವರೆ ಆದ ಮೇಲೆ ದೀಪ ಸಣ್ಣದು ಮಾಡಿ, ಟಿವಿ ಧ್ವನಿ ಇಳಿಸಿ. ರಾತ್ರಿ ಕುಡಿಸುವಾಗ ಮಾತಾಡಿಸಬೇಡಿ, ಆಡಿಸಬೇಡಿ, ಮೊಬೈಲು ಬೆಳಗಿಸಬೇಡಿ. ಕುಡಿಸಿ, ತೇಗು ಬರಿಸಿ, ಒದ್ದೆ ಇದ್ದರೆ ಬಟ್ಟೆ ಬದಲಿಸಿ, ಮಲಗಿಸಿ.

ಆರು ವಾರದ ಮೇಲೆ: ಹೊತ್ತಲ್ಲ, ಸರದಿ ಹಿಡಿಯಿರಿ

ದಿನಚರಿ ಅಂದ ಕೂಡಲೇ ಎಲ್ಲರೂ ಹೊತ್ತು ಬರೆದುಕೊಳ್ಳುತ್ತಾರೆ. ಕೂಸಿಗೆ ಹೊತ್ತು ತಿಳಿಯುವುದಿಲ್ಲ. ಏನಾದ ಮೇಲೆ ಏನು ಅನ್ನುವುದು ಬೇಗ ತಿಳಿಯುತ್ತದೆ. ಎದ್ದ ಮೇಲೆ ಹಾಲು, ಹಾಲಾದ ಮೇಲೆ ಆಟ, ಆಟ ಆದ ಮೇಲೆ ನಿದ್ದೆ. ಈ ಸರದಿ ಕೆಡದಂತೆ ನೋಡಿಕೊಂಡರೆ ಹೊತ್ತು ಅರ್ಧ ಗಂಟೆ ಆಚೀಚೆ ಆದರೂ ಏನೂ ಆಗುವುದಿಲ್ಲ. ಎದ್ದ ತಕ್ಷಣ ಕುಡಿಸುವುದರಿಂದ ಹೊಟ್ಟೆ ತುಂಬ ಕುಡಿಯುತ್ತದೆ. ಕುಡಿಯುತ್ತಲೇ ಮಲಗಿದರೆ ತಲೆ ಕೆಡಿಸಿಕೊಳ್ಳಬೇಡಿ, ಈ ವಯಸ್ಸಿನಲ್ಲಿ ಅದು ಸಹಜ.

ಎಷ್ಟು ಹೊತ್ತು ಎಚ್ಚರ ಇರಬೇಕು? ಮೊದಲ ತಿಂಗಳು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎರಡನೇ ತಿಂಗಳು ಒಂದೂವರೆ ಗಂಟೆಯ ಒಳಗೆ. ಮೂರು ನಾಲ್ಕನೇ ತಿಂಗಳಿಗೆ ಒಂದೂಕಾಲರಿಂದ ಎರಡು ಗಂಟೆ. ಆರರ ಹೊತ್ತಿಗೆ ಎರಡೂವರೆ ಗಂಟೆಯವರೆಗೆ. ಇದು ಅಂದಾಜು, ಕೂಸಿನ ಮುಖವೇ ಸರಿಯಾದ ಲೆಕ್ಕ. ನೋಟ ಎಲ್ಲೋ ನೆಡುವುದು, ಹುಬ್ಬಿನ ಸುತ್ತ ಕೆಂಪಾಗುವುದು, ಕಿವಿ ಎಳೆದುಕೊಳ್ಳುವುದು, ಆಕಳಿಸುವುದು ಕಂಡರೆ ಆಗಲೇ ಮಲಗಿಸಿ. ಆ ಹೊತ್ತು ಮೀರಿದರೆ ಕೂಸು ಸುಸ್ತಾಗಿ ಚೀರುತ್ತದೆ. ‘ಹಗಲು ಮಲಗಿಸದಿದ್ದರೆ ರಾತ್ರಿ ಚೆನ್ನಾಗಿ ಮಲಗುತ್ತದೆ’ ಅನ್ನುವುದು ದೊಡ್ಡವರ ಲೆಕ್ಕ, ಕೂಸಿನಲ್ಲಿ ತಿರುಗುಮುರುಗು ಆಗುತ್ತದೆ.

ಎಣ್ಣೆ-ನೀರು ನಮ್ಮ ಕೈಲಿರುವ ಒಳ್ಳೆಯ ಗೂಟ. ದಿನವೂ ಒಂದೇ ಹೊತ್ತಿಗೆ ಎಣ್ಣೆ ತಿಕ್ಕಿ ಎರೆದರೆ, ಅದರ ಹಿಂದಿನ ನಿದ್ದೆ ಉದ್ದ ಆಗುತ್ತದೆ. ಕುಡಿಸಿ ಅರ್ಧ ಗಂಟೆಯಾದರೂ ಆಗಿರಲಿ. ನೀರು ಮೊಣಕೈಗೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಸಿನ ಮೊಲೆ ಹಿಂಡುವುದು, ತಲೆ ಮೂಗು ಒತ್ತಿ ತಿದ್ದುವುದು ಬೇಡ. ಎರೆದ ಮೇಲೆ ಕೆಂಡ, ಲೋಬಾನದ ಹೊಗೆ ಹಾಕುವ ರೂಢಿಯನ್ನು ನಾನಂತೂ ಪೂರ್ತಿ ಬಿಡಿ ಅನ್ನುತ್ತೇನೆ. ಹೊಗೆ ಅಂದರೆ ಹೊಗೆಯೇ, ಎಳೆ ಎದೆಗೆ ಅದು ಕೆಟ್ಟದ್ದು.

ಮೂರು ತಿಂಗಳ ಕೂಸಿನ ಒಂದು ಮೇ ದಿನ

ಬೆಳಿಗ್ಗೆ ಆರಕ್ಕೆ ಏಳುತ್ತದೆ ಅಂದುಕೊಳ್ಳಿ. ಹಾಲು, ಪಡಸಾಲೆ, ಮಾತು. ಏಳೂಕಾಲಕ್ಕೆ ಕಣ್ಣು ಭಾರ, ಒಂದು ನಿದ್ದೆ. ಎಂಟೂವರೆಗೆ ಎದ್ದು ಹಾಲು, ಒಂಬತ್ತೂಕಾಲಕ್ಕೆ ಎಣ್ಣೆ-ನೀರು. ಮತ್ತೆ ಸ್ವಲ್ಪ ಹಾಲು ಕುಡಿದು ಹತ್ತರಿಂದ ಹನ್ನೆರಡರವರೆಗೆ ದಿನದ ಉದ್ದ ನಿದ್ದೆ. ತಾಯಿ ಮಲಗಬೇಕಾದ ಹೊತ್ತೂ ಇದೇ. ಆಗ ಬಟ್ಟೆ ಒಗೆಯಲು ಏಳಬೇಡಿ, ಬಂದವರನ್ನು ಸಂಜೆ ಬರಲು ಹೇಳಿ.

ಹನ್ನೆರಡಕ್ಕೆ ಹಾಲು. ಸ್ವಲ್ಪ ಹೊತ್ತು ಬಿಟ್ಟು ಚಾಪೆಯ ಮೇಲೆ ಕೆಲವು ನಿಮಿಷ ಬೋರಲು ಹಾಕಿ ಆಡಿಸಿ, ನೀವು ಎದುರಿಗೇ ಇರಿ. ಕುತ್ತಿಗೆ ಗಟ್ಟಿ ಆಗುತ್ತದೆ, ತಲೆಯ ಹಿಂಭಾಗ ಚಪ್ಪಟೆ ಆಗುವುದೂ ತಪ್ಪುತ್ತದೆ. ಒಂದೂಕಾಲಕ್ಕೆ ಮನೆಯ ತಂಪು ಕೋಣೆಯಲ್ಲಿ ನಿದ್ದೆ. ಮೂರರಿಂದ ಐದು ದಿನದ ಕಷ್ಟದ ಹೊತ್ತು. ಸೆಕೆಗೆ ನಿದ್ದೆ ತುಂಡಾಗುತ್ತದೆ, ಕೂಸು ಸಿಡುಕುತ್ತದೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಬೇಕೆಂದಷ್ಟು ಸಲ ಎದೆಗೆ ಹಾಕಿ. ಆ ಹೊತ್ತಿಗೆ ಯಾವ ನಿಯಮವೂ ಬೇಡ. ಸಂಜೆ ಒಂದು ಸಣ್ಣ ನಿದ್ದೆ, ಹೊತ್ತು ಮುಳುಗಿದ ಮೇಲೆ ಅಂಗಳದ ಗಾಳಿ. ಏಳಕ್ಕೆ ಹಾಲು. ಎಂಟಕ್ಕೆ ಮೈ ಒರೆಸಿ, ತೆಳ್ಳನೆ ಹತ್ತಿ ಬಟ್ಟೆ ಹಾಕಿ, ದೀಪ ಇಳಿಸಿ, ಮತ್ತೆ ಹಾಲು, ಒಂದೇ ಜೋಗುಳ. ಮಲಗಿಸುವುದು ದಿನವೂ ಇದೇ ಸರದಿಯಲ್ಲಿ ಇರಲಿ. ಎಂಟೂಮುಕ್ಕಾಲಕ್ಕೆ ಮಲಗಿದರೆ ಹನ್ನೆರಡಕ್ಕೆ ಒಮ್ಮೆ, ಮೂರೂವರೆಗೆ ಒಮ್ಮೆ ಏಳಬಹುದು. ರಾತ್ರಿಯ ಹಾಲು ತಪ್ಪಿಸಬೇಡಿ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಜಾಸ್ತಿ ಇರುತ್ತದೆ.

ರಾತ್ರಿ ಹಾಲು ಕೊಡುವುದು ತಾಯಿಯೇ ಆದರೂ ಉಳಿದದ್ದು ಅವಳದ್ದೇ ಆಗಬೇಕಿಲ್ಲ, ಅಲ್ವಾ? ಎತ್ತಿ ಕೊಡುವುದು, ತೇಗು ಬರಿಸುವುದು, ಬಟ್ಟೆ ಬದಲಿಸುವುದು ಗಂಡ ಮಾಡಬಹುದು. ತವರಿನಲ್ಲಿದ್ದರೆ ತಂಗಿ, ಅವ್ವ ಮಾಡಬಹುದು.

ಎಲ್ಲಿ, ಹೇಗೆ ಮಲಗಿಸಬೇಕು

ಒಂದು ವರ್ಷದವರೆಗೆ ಪ್ರತಿ ನಿದ್ದೆಗೂ ಅಂಗಾತ ಮಲಗಿಸಿ. ಗಟ್ಟಿಯಾದ, ಸಮವಾದ ಹಾಸಿಗೆ ಇರಲಿ. ದಿಂಬು, ಸಾಸಿವೆ ದಿಂಬು, ದಪ್ಪ ಕೌದಿ, ಗೊಂಬೆ ಯಾವುದೂ ಹತ್ತಿರ ಬೇಡ. ತಾಯಿಯ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಕೂಸು ಮಲಗುವುದು ಎಲ್ಲಕ್ಕಿಂತ ಒಳ್ಳೆಯದು. ನೆಲದ ಮೇಲೆ ಮಲಗುವ ಮನೆಯಲ್ಲಿ ಕೂಸಿಗೆ ಬೇರೆ ಮಡಿಕೆ ಹಾಸಿ, ತಾಯಿಯ ಹೊದಿಕೆ ಅದರ ಮೇಲೆ ಬರದಂತೆ ನೋಡಿ. ಕುಡಿದವರು, ಬೀಡಿ ಸೇದುವವರು ಪಕ್ಕದಲ್ಲಿ ಮಲಗಬಾರದು. ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ, ಕೂಸಿನ ಮುಖಕ್ಕೆ ತಾಗಬಾರದು.

ಸೀರೆಯ ಜೋಲಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಅಳುವ ಕೂಸು ಜೋಲಿಯಲ್ಲಿ ಸುಮ್ಮನಾಗುತ್ತದೆ, ನಿಜ. ಆದರೆ ಅದರಲ್ಲಿ ಬೆನ್ನು ಬಾಗುತ್ತದೆ, ಗಲ್ಲ ಎದೆಗೆ ಒತ್ತಿ ಉಸಿರಿಗೆ ತೊಂದರೆ ಆಗಬಹುದು. ಹಗಲು ಕಣ್ಣೆದುರಿಗೆ ಸ್ವಲ್ಪ ಹೊತ್ತು ತೂಗಿ, ಮಲಗಿದ ಮೇಲೆ ಸಮ ಹಾಸಿಗೆಗೆ ಹಾಕಿ. ರಾತ್ರಿ ನಿದ್ದೆಗೆ ಜೋಲಿ ಬೇಡ. ಮರದ ತೊಟ್ಟಿಲಾದರೆ ಒಳಗಿನ ಹಾಸಿಗೆ ಸಮ ಇದೆಯಾ, ಕಂಬಿಗಳ ನಡುವೆ ತಲೆ ಸಿಕ್ಕುತ್ತದಾ, ಮೇಲೆ ಕಟ್ಟಿದ ದಾರ ಕೈಗೆ ಎಟುಕುತ್ತದಾ ನೋಡಿ.

ಸೆಕೆಯಲ್ಲಿ ಒಂದು ಪದರ ಹತ್ತಿ ಬಟ್ಟೆ ಸಾಕು. ಮನೆಯೊಳಗೆ ಕುಲಾವಿ, ಸ್ವೆಟರ್, ಬಿಗಿ ಸುತ್ತು ಬೇಡ. ಕೈಕಾಲು ತಣ್ಣಗಿದೆ ಅಂತ ಹೊದಿಸಬೇಡಿ, ಕುತ್ತಿಗೆಯ ಹಿಂದೆ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಕೂಸಿಗೆ ಸೆಕೆ ಆಗಿದೆ. ಫ್ಯಾನು ಹಾಕಬಹುದು. ಕೂಲರಿನ ಗಾಳಿ ನೇರ ಮುಖಕ್ಕೆ ಬಡಿಯಬಾರದು, ಅದರ ನೀರು ಆಗಾಗ ಬದಲಿಸಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಹುಟ್ಟುವುದು ಅಲ್ಲೇ. ಕರೆಂಟು ಹೋದರೆ ತಾರಸಿಯ ಕೆಳಗಿನ ಕೋಣೆ ಬಿಟ್ಟು ಗಾಳಿ ಆಡುವ ಕಡೆಗೆ ಒಯ್ಯಿರಿ, ಬೀಸಣಿಗೆ ಬೀಸಿ.

ದಿನಚರಿ ಕೆಡುವ ದಿನಗಳು

ಎರಡು ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳ ಹೊತ್ತಿಗೆ ಕೂಸು ದಿಢೀರನೆ ಜಾಸ್ತಿ ಹಾಲು ಕೇಳುತ್ತದೆ. ಎರಡು ಮೂರು ದಿನ ಕೇಳಿದಷ್ಟು ಕೊಟ್ಟರೆ ಹಾಲೂ ಹೆಚ್ಚುತ್ತದೆ. ಸಂಜೆಯ ಕಾರಣವಿಲ್ಲದ ಅಳು ಆರನೇ ವಾರಕ್ಕೆ ಏರಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. 6, 10, 14ನೇ ವಾರದ ಲಸಿಕೆಯ ಮೇಲೆ ಒಂದೆರಡು ದಿನ ಜ್ವರ, ಸಿಡುಕು ಇರಬಹುದು. ಜ್ವರದ ಹನಿ ಎಷ್ಟು ಹಾಕಬೇಕು ಅಂತ ಲಸಿಕೆ ಹಾಕಿಸಿದಲ್ಲೇ ಕೇಳಿಕೊಂಡು ಬನ್ನಿ. ನಾಲ್ಕನೇ ತಿಂಗಳಲ್ಲಿ ಚೆನ್ನಾಗಿ ಮಲಗುತ್ತಿದ್ದ ಕೂಸು ಮತ್ತೆ ಪದೇ ಪದೇ ಏಳಬಹುದು, ನಿದ್ದೆಯ ರೀತಿ ಬಲಿಯುವ ಕಾಲ ಅದು.

ನಮ್ಮಲ್ಲಿ ದೊಡ್ಡ ಏರುಪೇರು ತವರಿಂದ ಗಂಡನ ಮನೆಗೆ ಹೋದಾಗ. ಕೋಣೆ ಬೇರೆ, ಧ್ವನಿ ಬೇರೆ, ಎತ್ತಿಕೊಳ್ಳುವ ಕೈ ಬೇರೆ. ಹೊರಡುವ ಮೊದಲೇ ಅತ್ತೆಗೆ ಫೋನಿನಲ್ಲಿ ಕೂಸಿನ ಸರದಿ ಹೇಳಿಡಿ. ಕೂಸು ಮಲಗುವ ಅದೇ ಹಾಸು, ಅದೇ ಹೊದಿಕೆ ತೊಳೆಯದೆ ಒಯ್ಯಿರಿ, ವಾಸನೆ ಗುರುತು ಸಿಗುತ್ತದೆ. ಬೇಸಿಗೆಯಾದರೆ ಪ್ರಯಾಣ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಮೊದಲ ವಾರ ನೋಡಲು ಬರುವವರಿಗೆ ಸಂಜೆ ಆರರ ಒಳಗೆ ಬರಲು ಹೇಳಿ. ಸೊಸೆ ಹೇಳಿದರೆ ಮಾತು ಬರುತ್ತದೆ, ಗಂಡನೇ ಹೇಳಲಿ.

ಹೊಲಕ್ಕೆ, ಕೆಲಸಕ್ಕೆ ಹೋಗುವ ತಾಯಿಗೆ

ಸಿಂಧನೂರು, ಮಾನ್ವಿ ಕಡೆ ನಾಟಿ ಶುರುವಾದರೆ ಬಾಣಂತಿಗೂ ಮನೆಯಲ್ಲಿ ಕೂರಲಾಗದು. ಹೊರಡುವ ಎರಡು ವಾರ ಮೊದಲೇ ಹಾಲು ಹಿಂಡುವುದು ಕಲಿಯಿರಿ. ಕೈ ಸೋಪಿನಲ್ಲಿ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಡಿ. ಹೊರಗಿಟ್ಟ ಹಾಲು 4 ಗಂಟೆ ಇರುತ್ತದೆ ಅನ್ನುವ ಲೆಕ್ಕ 25 ಡಿಗ್ರಿಯ ಕೋಣೆಗೆ. ಏಪ್ರಿಲಿನ ನಮ್ಮ ಅಡುಗೆಮನೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಹಿಂಡಿದ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿ ಇಟ್ಟು ಒಂದು ದಿನದೊಳಗೆ ಬಳಸಿ. ಫ್ರಿಜ್ಜು ಇಲ್ಲದಿದ್ದರೆ ಹೊರಡುವ ಮುಂಚೆ ಹಿಂಡಿ, ಮೊದಲ ಸಲಕ್ಕೇ ಕುಡಿಸಿ ಮುಗಿಸಿ, ಆಮೇಲೆ ಕೂಸನ್ನೇ ತಾಯಿಯ ಹತ್ತಿರ ಕರೆದೊಯ್ಯುವ ಏರ್ಪಾಡು ಮಾಡಿ. ಹಾಲನ್ನು ಒಲೆಯ ಮೇಲೆ ಕಾಯಿಸಬೇಡಿ, ಬಿಸಿ ನೀರಿನಲ್ಲಿ ಬಟ್ಟಲು ಇಟ್ಟು ಬೆಚ್ಚಗೆ ಮಾಡಿ. ಬಾಟಲಿಗಿಂತ ಒಳಲೆ ಅಥವಾ ಚಮಚ ಒಳ್ಳೆಯದು. ತೊಳೆಯುವುದು ಸುಲಭ, ಪ್ರತಿ ದಿನ ಕುದಿಸಬಹುದು. ಕೂಸನ್ನು ಎತ್ತಿ ಕೂರಿಸಿ ಹನಿ ಹನಿಯಾಗಿ ಕುಡಿಸಿ, ಮಲಗಿಸಿ ಸುರಿಯಬೇಡಿ. ಮನೆಗೆ ಬಂದ ಕೂಡಲೇ ಕೈ, ಎದೆ ತೊಳೆದು ಕುಡಿಸಿ. ಔಷಧಿ ಹೊಡೆದ ಹೊಲದಿಂದ ಬಂದಿದ್ದರೆ ಸ್ನಾನ ಮಾಡಿ, ಸೀರೆ ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಿ.

ದಿನಚರಿ ಬಿಟ್ಟು ಆಸ್ಪತ್ರೆಗೆ ಓಡಬೇಕಾದಾಗ

ಮೂರು ತಿಂಗಳೊಳಗಿನ ಕೂಸಿಗೆ ಜ್ವರ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಕಾಯಬೇಡಿ. ಮೈ ಮುಟ್ಟಿದರೆ ತಣ್ಣಗಾಗಿದ್ದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಜಾಸ್ತಿ (ಎರಡು ತಿಂಗಳು ದಾಟಿದ ಕೂಸಾದರೆ 50 ಸಲ ಅಥವಾ ಅದಕ್ಕಿಂತ ಜಾಸ್ತಿ) ಉಸಿರಾಡುತ್ತಿದ್ದರೆ, ಪಕ್ಕೆ ಒಳಸೇದುತ್ತಿದ್ದರೆ, ಸೆಳವು ಬಂದರೆ, ಹಳದಿ ಬಣ್ಣ ಅಂಗೈ ಅಂಗಾಲಿಗೆ ಇಳಿದರೆ, ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ ಕೂಡಲೇ ಹೊರಡಿ. 108ಕ್ಕೆ ಫೋನ್ ಮಾಡಿ. ಸರ್ಕಾರಿ ದೊಡ್ಡಾಸ್ಪತ್ರೆಗಳಾದ ರಾಯಚೂರಿನ ರಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ಹೆಸರು ವಿಮ್ಸ್), ಕೊಪ್ಪಳದ ಕಿಮ್ಸ್, ಯಾವುದು ಹತ್ತಿರವೋ ಅಲ್ಲಿಗೆ. ದಾರಿಯಲ್ಲಿ ಕೂಸು ಕುಡಿಯುವಂತಿದ್ದರೆ ಎದೆಹಾಲು ಕೊಡುತ್ತಲೇ ಇರಿ.

ತಾಯಿಯನ್ನೂ ನೋಡಿ. ಹೆರಿಗೆಯ ಮೊದಲ ವಾರಗಳಲ್ಲಿ ಸುಮ್ನೆ ಅಳು ಬರುವುದು ಇದೆ. ಎರಡು ವಾರ ದಾಟಿದರೂ ಬೇಸರ ಹೋಗದಿದ್ದರೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಬರದಿದ್ದರೆ, ಕೂಸು ಬೇಡ ಅನಿಸತೊಡಗಿದರೆ ಅದು ಕಾಯಿಲೆ, ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ತನಗೆ ಅಥವಾ ಕೂಸಿಗೆ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅವಳನ್ನು ಒಬ್ಬಳೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆರು ತಿಂಗಳು ತುಂಬಿದ ಮೇಲೆ ಮೆತ್ತಗೆ ಹಿಸುಕಿದ ಅನ್ನ-ಬೇಳೆ, ಬಾಳೆಹಣ್ಣು, ರಾಗಿ ಅಂಬಲಿ ಶುರು ಮಾಡಬಹುದು. ಅಂಬಲಿ ಚಮಚದಿಂದ ಸುರಿಯುವಷ್ಟು ನೀರಾಗಿರಬಾರದು, ಚಮಚಕ್ಕೆ ಅಂಟಿ ನಿಲ್ಲಬೇಕು. ಮೊದಲು ಬೆಳಗಿನ ನಿದ್ದೆ ಮುಗಿದ ಹೊತ್ತಿಗೆ ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ಹಾಲಿನ ಸರದಿ ಹಾಗೇ ಇರಲಿ.